ಇಲಿ ಹೇಳಿದ ಸಿಡುಬಿನ ಗುಟ್ಟು

ನಮ್ಮ ಮನೆಗಳ ಹಿರಿಯರ ತೋಳಿನ ಮೇಲಿರುವ ಸಿಡುಬಿನ ದಾಕಿನ ಕಲೆಗಳನ್ನು ಓದುಗರು ಕಂಡೇ ಇರುತ್ತಾರೆ. ಆ ಬೇನೆ ತಗಲಿದವನು ಸುಮಾರು ಹನ್ನೆರಡು ದಿನ ಏನೂ ಆಗದವನಂತೆ ಓಡಾಡಿಕೊಂಡಿದ್ದು, ಬಳಿಕ ಜ್ವರದಿಂದ ಮಲಗುತ್ತಿದ್ದನು. ಮೈಮೇಲೆ ಗುಳ್ಳೆಗಳೇಳುತ್ತಿದ್ದುದು ಅದಕ್ಕೂ ಅನಂತರ. ಅಷ್ಟು ದಿನ ವೈರಸ್ಸು ದೇಹದಲ್ಲಿ ಏನು ಮಾಡುತ್ತಿತ್ತು? ಬದುಕಿರುವ ಮನುಷ್ಯನನ್ನು ಕೊಯ್ದು ನೋಡುವಂತಿರಲಿಲ್ಲ. ಉತ್ತರದ ದಾರಿ ತೋರಿದ್ದು ಇಲಿ.

1930ರಲ್ಲಿ ಇಂಗ್ಲೆಂಡಿನಲ್ಲಿ, ಪ್ರಯೋಗಕ್ಕೆಂದು ಸಾಕಿದ್ದ ಇಲಿಗಳಲ್ಲಿ ಕಂಡ ಹೊಸ ಬೇನೆಯೊಂದನ್ನು ಮಾರ್ಶಲ್ ಎಂಬ ಸಂಶೋಧಕರು ವರ್ಣಿಸಿದರು. ಹಲವು ಇಲಿಗಳು ಸತ್ತವು. ಬದುಕುಳಿದ ಕೆಲವಕ್ಕೆ ಪಾದಗಳೇ ಕೊಳೆತು ಉದುರಿದವು. ಈ ಅಂಗಹೀನತೆಯ ಕಾರಣದಿಂದ ರೋಗಕ್ಕೆ 'ಎಕ್ಟ್ರೊಮೀಲಿಯ' ಎಂಬ ಹೆಸರು ಬಂದಿತು. ಅದು ಸಿಡುಬಿನ ಕುಲದ್ದೇ ವೈರಸ್ಸೆಂದು 1946ರಲ್ಲಿ ಆಸ್ಟ್ರೇಲಿಯದ ಬರ್ನೆಟ್ ಅವರು ತೋರಿಸಿಕೊಟ್ಟರು.

ಮೆಲ್ಬರ್ನಿನ ಅದೇ ಸಂಸ್ಥೆಯಲ್ಲಿದ್ದ ಫ್ರಾಂಕ್ ಫೆನ್ನರ್ ಇಲಿಗಳ ಪಾದಕ್ಕೆ ಆ ವೈರಸ್ಸನ್ನು ಚುಚ್ಚಿ, ದಿನದಿನವೂ ಕೆಲವನ್ನು ಕೊಯ್ದು, ಯಾವ ಅಂಗದಲ್ಲಿ ಅದು ಎಷ್ಟು ಬೆಳೆದಿದೆಯೆಂದು ಅಳೆದರು. 1948ರಲ್ಲಿ ಅವರು ಪ್ರಕಟಿಸಿದ ವಿವರ ಇದು: ಚರ್ಮದ ಸಣ್ಣ ಗೀರಿನಿಂದ ಒಳಹೊಕ್ಕ ವೈರಸ್ಸು ಮೊದಲು ಅಲ್ಲಿಯೇ ಬೆಳೆದು, ಸಮೀಪದ ದುಗ್ಧಗ್ರಂಥಿಯನ್ನು ಸೇರುತ್ತದೆ, ಅಲ್ಲಿಂದ ರಕ್ತದ ಮೂಲಕ ಯಕೃತ್ತು, ಗುಲ್ಮಗಳಲ್ಲಿ ಬೀಡುಬಿಡುತ್ತದೆ. ಅಲ್ಲಿ ಹೇರಳವಾಗಿ ಹೆಚ್ಚಿ ಮತ್ತೆ ರಕ್ತಕ್ಕಿಳಿದು, ಕೊನೆಗೆ ಚರ್ಮಕ್ಕೆ ಬಂದಾಗಲೇ ಗುಳ್ಳೆಗಳೇಳುವುದು. ಕಣ್ಣಿಗೆ ರೋಗದ ಆರಂಭವೆಂದು ತೋರುವುದು ನಿಜವಾಗಿ ಅದರ ಕಥೆಯ ಕೊನೆಯ ಅಧ್ಯಾಯ! ಮನುಷ್ಯನ ಸಿಡುಬಿನ ಮೌನದ ದಿನಗಳನ್ನು ಅರಿಯಲು ವೈದ್ಯರಿಗೆ ಈ ಚಿತ್ರವೇ ಮಾದರಿಯಾಯಿತು.

ಯಕೃತ್ತು ನಾಶವಾಗಿ ಕೆಲವು ತಳಿಯ ಇಲಿಗಳು ಗುಳ್ಳೆಯೇಳುವ ಮುನ್ನವೇ ಸಾಯುತ್ತವೆ. ಆದರೆ ಬೇನೆಯನ್ನು ಹೆಚ್ಚಾಗಿ ಹರಡುವುವು ಬದುಕಿ ಹುಣ್ಣೆದ್ದವು. ಹುಣ್ಣು ಹಕ್ಕಳೆಗಳ ವೈರಸ್ಸು ಗೂಡಿನ ಹಾಸಿಗೆಯಲ್ಲಿ ಬೆರೆತು, ಗೀರಿದ ಪಾದಗಳ ಮೂಲಕ ನೆರೆಯ ಇಲಿಗೆ ತಗಲುತ್ತದೆ. ಇನ್ನು ಕೆಲವು ತಳಿಗಳಲ್ಲಿ ಲಕ್ಷಣವೇ ತೋರದು. ಅಂತಹ ನಿರೋಗಿಯಂತಿರುವ ಅತಿಥಿಯೇ ಅಪಾಯಕಾರಿ. 1995ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದಕ್ಕೆ ಇದು ಹೊಕ್ಕಿದ್ದಂತೂ ಕೊಂಡುತಂದ ಇಲಿಯ ಸೀರಮ್ಮಿನ ಮೂಲಕ. ಮನುಷ್ಯರಿಗೆ ಇದು ತಗಲಿದ್ದು ಕಂಡುಬಂದಿಲ್ಲವೆಂಬುದು ನಮ್ಮ ಪುಣ್ಯ.

1980ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯ ಮುಂದೆ, ಸಿಡುಬು ಭೂಮಿಯಿಂದ ತೊಲಗಿತೆಂದು ವರದಿಯೊಪ್ಪಿಸಿದವರು ಇದೇ ಫೆನ್ನರ್. ಮನೆಯಲ್ಲಿ ಇಲಿಯನ್ನು ಕಂಡರೆ ನಾವು ಬೋನಿಡುತ್ತೇವೆ; ಇಡಬೇಕಾದ್ದೇ. ಆದರೆ ಇಂದಿನ ಮಕ್ಕಳಿಗೆ ಸಿಡುಬಿನ ದಾಕೇ ಬೇಡವಾಗಿರುವ ಈ ಕಾಲದಲ್ಲಿ, ಆ ರೋಗದ ಗುಟ್ಟನ್ನು ತನ್ನ ಪ್ರಾಣ ತೆತ್ತು ಬಿಚ್ಚಿಟ್ಟ ಆ ಕಿರುಜೀವಿಯನ್ನು ಒಮ್ಮೆ ನೆನೆಯುವುದೂ ನ್ಯಾಯ.