ರಾತ್ರಿ ಮೂರರ ಫೋನು

ನಮ್ಮ ಸೊಸೆ ಅರಿವಳಿಕೆ ತಜ್ಞೆ. ಆಪರೇಷನ್‌ ಹೊತ್ತಿನಲ್ಲಿ ರೋಗಿಗೆ ನೋವು ತಿಳಿಯದಂತೆ ಮಾಡಿ, ಮುಗಿಯುವವರೆಗೂ ಉಸಿರು, ನಾಡಿ ಕಾಯುವ ಕೆಲಸ. ಅವಳಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಜೊತೆಗಿದ್ದವರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಹೆರಿಗೆಗೆ ಹೊತ್ತುಗೊತ್ತು ಉಂಟೇ? ಸಿಸೇರಿಯನ್ ಎಂದರೆ ಇವಳಿಗೇ ಫೋನು. ಹಗಲು ಡ್ಯೂಟಿ, ರಾತ್ರಿ 'ಆನ್ ಕಾಲ್'. ಫೋನು ಬಾರದ ರಾತ್ರಿಯೂ ಒಂದು ಕಿವಿ ಎಚ್ಚರವಾಗಿಯೇ ಇರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕದ ಮಾತು ಬಂತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮಾರ್ಚ್ 31ರ ರಾತ್ರಿ ನಿದ್ದೆಗಣ್ಣಿನಲ್ಲಿ ಲೆಡ್ಜರಿನಲ್ಲಿ 69ನ್ನು 96 ಎಂದು ಬರೆದದ್ದುಂಟು. ಮಕ್ಕಳೇ, ಹೀಗೆ ಅಂಕೆ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ, ಮಾಡಿ ನೋಡಿ. ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲು ಒಂಬತ್ತರಿಂದಲೇ ಭಾಗಿಸುತ್ತಿದ್ದೆವು. ಬೆಳಗ್ಗೆ ತಪ್ಪು ಸಿಗುತ್ತಿತ್ತು, ತಿದ್ದಿದರೆ ಮುಗಿಯಿತು. ಸೊಸೆಯ ಸಿರಿಂಜಿಗೆ ಅಂಥ ಬೆಳಗು ಇಲ್ಲ.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಿಬ್ಬರು ಒಂದು ಪರೀಕ್ಷೆ ಮಾಡಿದ್ದರು. 17 ಗಂಟೆ ನಿದ್ದೆಗೆಟ್ಟವರ ಕೈಚಳಕ, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರಷ್ಟೇ ಕುಂದಿತ್ತು. ನಮ್ಮ ದೇಶದಲ್ಲಿ 0.03 ದಾಟಿದರೆ ವಾಹನ ಓಡಿಸುವಂತಿಲ್ಲ! ತರಬೇತಿಯಲ್ಲಿರುವ ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಪಾಲನೆಯ ಮಾತು ಬೇರೆ. ಒಬ್ಬಳೇ ಇರುವ ತಜ್ಞೆಗೆ ಸರದಿ ಹಾಕುವುದಾದರೂ ಯಾರೊಂದಿಗೆ?

ಮನೆಯಲ್ಲಿ ಕೆಲವು ಕಟ್ಟುಪಾಡು ಮಾಡಿಕೊಂಡೆವು. ರಾತ್ರಿ ಕರೆ ಬಂದರೆ ಸ್ಕೂಟರ್ ಮುಟ್ಟುವಂತಿಲ್ಲ, ಗೊತ್ತಿರುವ ಆಟೋದವರೇ ಬರುತ್ತಾರೆ. ಬೆಳಗ್ಗೆ ಒಂದು ಗಂಟೆ ಸಿಕ್ಕರೂ ಅವಳ ಕೋಣೆಯ ಬಾಗಿಲು ಯಾರೂ ತಟ್ಟಬಾರದು, ಮೊಮ್ಮಗನ ಜಡೆ ಹೆಣೆಯುವ ಕೆಲಸವಿಲ್ಲದ್ದು ನನ್ನ ಪುಣ್ಯ. ಆಸ್ಪತ್ರೆಯಲ್ಲಿ ಅವಳೇ ಒಂದು ರೂಢಿ ಮಾಡಿದ್ದಾಳೆ: ನರ್ಸ್ ಔಷಧದ ಹೆಸರು, ಪ್ರಮಾಣ ಗಟ್ಟಿಯಾಗಿ ಓದಬೇಕು, ಇವಳು ತಿರುಗಿ ಹೇಳಬೇಕು.

ನನ್ನ ಪಾಲಿನದು ನೋಟ್‌ಬುಕ್. "ತುಂಬಾ ಕಷ್ಟ ಸಾರ್" ಎಂದರೆ ಮೇಲಿನವರು ತಲೆಯಾಡಿಸುತ್ತಾರೆ, ಅಷ್ಟೆ. ಅಂಕಿ ತೋರಿಸಿದರೆ ಕನ್ನಡಕ ಹಾಕಿಕೊಳ್ಳುತ್ತಾರೆ. ಕರೆ ಬಂದ ಹೊತ್ತು, ಮನೆಗೆ ಮರಳಿದ ಹೊತ್ತು, ಮರುದಿನ ಡ್ಯೂಟಿ ಶುರುವಾದ ಹೊತ್ತು, ಎಲ್ಲಕ್ಕೂ ಗೆರೆ ಎಳೆದು ಕಾಲಂ ಹಾಕಿದೆ. ಒಂದು ತಿಂಗಳಲ್ಲಿ 19 ರಾತ್ರಿ ಕರೆ, ಅದರಲ್ಲಿ 11 ನಡುರಾತ್ರಿ ದಾಟಿದ ಮೇಲೆ. ಮೂರು ತಿಂಗಳ ಲೆಕ್ಕ ಒಯ್ದು ಆಡಳಿತ ವೈದ್ಯಾಧಿಕಾರಿಗಳ ಮುಂದಿಟ್ಟಳು. ಹುದ್ದೆ ತುಂಬುವುದು ಅವರ ಕೈಯಲ್ಲಿರಲಿಲ್ಲ. ಆದರೆ ಪಕ್ಕದ ತಾಲ್ಲೂಕಿನ ಅರಿವಳಿಕೆ ತಜ್ಞರನ್ನು ಒಪ್ಪಿಸಿ ತಿಂಗಳಿಗೆ ಎರಡು ಭಾನುವಾರ ಬಿಡುವು ಕೊಡಿಸಿದರು.

ಮೊದಲ ಬಿಡುವಿನ ರಾತ್ರಿ ಮೂರಕ್ಕೆ ಫೋನು ಬಡಿಯಿತು. ರಾಂಗ್ ನಂಬರ್. ನಾನು ಎದ್ದು ಬರುವಷ್ಟರಲ್ಲಿ ಸೊಸೆ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿದ್ದಳು.