ಆಕಾಶದ ಸಾಲುದೀಪ ಮತ್ತು ಅನ್ಯಲೋಕದ ಜೀವಿಗಳು

ನವಲಗುಂದ, ಅಣ್ಣಿಗೇರಿ ಸುತ್ತಲಿನ ಎರೆಹೊಲಗಳಲ್ಲಿ ಮರಗಳು ವಿರಳ, ಆಕಾಶ ಅಂಚಿನವರೆಗೂ ಬಯಲು. ಹೊತ್ತು ಮುಳುಗಿದ ಮೇಲೆ ಅಲ್ಲಿ ವಿಚಿತ್ರ ಬೆಳಕು ಕಂಡರೆ ಬೇರೆ ಲೋಕದವರು ಬಂದರೆಂದು ನಂಬುವವರಿದ್ದಾರೆ. ಹೆಚ್ಚು ದಿಗಿಲು ಹುಟ್ಟಿಸುವುದು ಸಾಲುದೀಪ. ಪೋಣಿಸಿದ ಮಣಿಗಳಂತೆ ಹತ್ತಾರು ಚುಕ್ಕೆಗಳು ಸದ್ದಿಲ್ಲದೆ ಒಂದರ ಹಿಂದೊಂದು ಸಾಗಿ, ನಡು ಆಕಾಶದಲ್ಲೇ ಒಂದೊಂದಾಗಿ ಆರಿಹೋಗುತ್ತವೆ.

ಅವು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಮೊದಲ 60 ಉಪಗ್ರಹಗಳು ಹೋದವು. ಆಮೇಲೆ ಸಾವಿರಾರು ಸೇರಿಕೊಂಡವು. ಹಾರಿಸಿದ ಹೊಸದರಲ್ಲಿ ಅವು ಒತ್ತೊತ್ತಾಗಿ ಚಲಿಸುತ್ತವೆ. ಅವುಗಳಲ್ಲಿ ದೀಪವಿಲ್ಲ. ಹೊಲದಲ್ಲಿ ಕತ್ತಲಾದರೂ ನೂರಾರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲಿಗೆ ಹೊಳೆಯುತ್ತವೆ. ಭೂಮಿಯ ನೆರಳು ಹೊಕ್ಕೊಡನೆ ಮರೆಯಾಗುತ್ತವೆ.

ಪಡುವಣದಂಚಿನಲ್ಲಿ ಬಹಳ ಹೊತ್ತು ಕದಲದೆ ಹೊಳೆಯುವ ಬೆಳಕು ಸಾಮಾನ್ಯವಾಗಿ ಶುಕ್ರ. ನಸುಕಿನಲ್ಲಿ ರೈತರು ಬೆಳ್ಳಿಚುಕ್ಕಿ ಎಂದು ಗುರುತಿಸುವ ಗ್ರಹವೇ ಕೆಲವು ತಿಂಗಳು ಸಂಜೆಗೆ ಬರುತ್ತದೆ.

ಧಾರವಾಡ ಸೀಮೆಗೆ ಹೊರಗಿನಿಂದ ನಿಜವಾಗಿ ಬಂದದ್ದು ಕಲ್ಲು. 1848ರಲ್ಲಿ ಬಿದ್ದ ಉಲ್ಕಾಶಿಲೆ ಇಂದಿಗೂ ಜಗತ್ತಿನ ಪಟ್ಟಿಯಲ್ಲಿ ಧಾರವಾಡದ ಹೆಸರಿನಲ್ಲೇ ಇದೆ.

ವಿಜ್ಞಾನಿಗಳು ಅನ್ಯಜೀವಿಗಳನ್ನು ಕಂಡು ಮುಚ್ಚಿಟ್ಟಿದ್ದಾರೆ ಎಂಬ ಮಾತೂ ನಿಲ್ಲುವುದಿಲ್ಲ. ಅಮೆರಿಕದ ಫ್ರಾಂಕ್ ಡ್ರೇಕ್ 1960ರಲ್ಲಿ ಎರಡು ನಕ್ಷತ್ರಗಳ ಕಡೆಗೆ ರೇಡಿಯೊ ದೂರದರ್ಶಕ ತಿರುಗಿಸಿ ಕಿವಿಗೊಟ್ಟಾಗಿನಿಂದ ಹುಡುಕಾಟ ನಡೆದೇ ಇದೆ. ಈಗ ಗ್ರಹಗಳ ಗಾಳಿಯನ್ನೂ ಓದುತ್ತಾರೆ. ಒಂದೊಂದು ಅನಿಲವೂ ಬೆಳಕಿನಲ್ಲಿ ತನ್ನದೇ ಆದ ಕೆಲವು ಬಣ್ಣಗಳನ್ನು ಹೀರುತ್ತದೆ. ಉಳಿದು ಬಂದ ಬೆಳಕಿನಲ್ಲಿ ಅದರ ಗುರುತು ಕಾಣುತ್ತದೆ. ಜೀವವಿರುವ ಗ್ರಹ ದೂರದಿಂದ ಹೇಗೆ ತೋರುತ್ತದೆಂದು ತಿಳಿಯಲು ನಮಗಿರುವ ಮಾದರಿ ಭೂಮಿಯೊಂದೇ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಶೇಪ್ ಉಪಕರಣವನ್ನು 2023ರಲ್ಲಿ ಚಂದ್ರಯಾನ-3ರ ನೋದನ ಘಟಕದಲ್ಲಿ ಕಳಿಸಿದ್ದು ಭೂಮಿಯ ಬೆಳಕನ್ನು ಹಾಗೆ ಅಳೆಯಲೆಂದೇ.

ಏನಾದರೂ ಕಂಡರೆ ಬಚ್ಚಿಡುವ ರೂಢಿ ಇಲ್ಲ. ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ತಂಡ 2025ರ ಏಪ್ರಿಲ್‌ನಲ್ಲಿ, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್ ಇರುವ ಸುಳಿವು ಸಿಕ್ಕಿದೆಯೆಂದು ಬಹಿರಂಗವಾಗಿ ಪ್ರಕಟಿಸಿತು. ಭೂಮಿಯಲ್ಲಿ ಈ ಅನಿಲವನ್ನು ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ. ಬೇರೆ ತಂಡಗಳು ಅದೇ ಮಾಹಿತಿಯನ್ನು ಮತ್ತೆ ಲೆಕ್ಕಹಾಕಿ, ಸಾಕ್ಷಿ ಸಾಲದೆಂದು ಅಷ್ಟೇ ಬಹಿರಂಗವಾಗಿ ಹೇಳಿದವು. ಭೂಮಿಯಾಚೆ ಜೀವವಿದೆ ಎನ್ನಲು ಖಚಿತ ಪುರಾವೆ ಈವರೆಗೆ ಸಿಕ್ಕಿಲ್ಲ.