ಮೊಳೆ ಇಲ್ಲ, ಬಿಜಾಗರಿ ಇಲ್ಲ: ಒಂದೇ ಹಲಗೆಯ ರೆಹಲ್ ಮಡಚೋದು ಹೇಗೆ? ಕಲಿಯೋದು ಹೇಗೆ?

ಬೀದರ್: ನಗರದಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್ ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಂಬಜ್ ಇದೆ. ಮುಸ್ಲಿಮರಿಗೆ ಅವರು ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಒಬ್ಬರಿಗೇ ಎರಡು ಹೆಸರು. ಈ ಭಾಗದ ಮನೆಗಳಲ್ಲಿ ಎರಡು ಹೆಸರಿನ ಒಂದು ಸಾಮಾನೂ ಇದೆ. ಕುರಾನ್ ಇಟ್ಟು ಓದಿದರೆ ಅದು ರೆಹಲ್. ಪುರಾಣ, ವಚನದ ಪುಸ್ತಕ ಇಟ್ಟರೆ ವ್ಯಾಸಪೀಠ.

ಮಡಚಿದರೆ ಬರೀ ಒಂದು ಹಲಗೆ. ಬಿಚ್ಚಿದರೆ ಗುಣಾಕಾರದ ಗುರುತಿನ ಹಾಗೆ ನಿಲ್ಲುತ್ತೆ. ನಡುವೆ ಮೊಳೆ ಇಲ್ಲ, ಬಿಜಾಗರಿ ಇಲ್ಲ, ಅಂಟೂ ಇಲ್ಲ. ಎರಡು ಹಲಗೆ ತಂದು ಒಂದರೊಳಗೆ ಒಂದು ಸಿಕ್ಕಿಸಿದ್ದಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇಡೀ ರೆಹಲ್ ಒಂದೇ ಹಲಗೆಯಿಂದ ಬಂದಿದ್ದು. ಇದರಲ್ಲಿ ಏನನ್ನೂ ಸೇರಿಸಲ್ಲ, ಬರೀ ತೆಗೀತಾರೆ.

ಎಷ್ಟು ಹಳೇದು?

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1360ರ ಕೆತ್ತನೆಯ ರೆಹಲ್ ಒಂದಿದೆ. ಅದನ್ನು ಮಾಡಿದ ಬಡಿಗನ ಹೆಸರೂ ಅದರ ಮೇಲಿದೆ: ಹಸನ್ ಬಿನ್ ಸುಲೇಮಾನ್ ಇಸ್ಫಹಾನಿ. ಅಂದ್ರೆ 1436ರಲ್ಲಿ ಅಹ್ಮದ್ ಷಾ ತೀರಿಕೊಳ್ಳೋದಕ್ಕೆ 76 ವರ್ಷ ಮೊದಲೇ ಈ ಕಸುಬು ಪಳಗಿತ್ತು. ಇರಾನಿನ ಕಿರ್ಮಾನ್ ಕಡೆಯ ಸೂಫಿಗಳ ಜೊತೆ ಅಹ್ಮದ್ ಷಾಗೆ ನಂಟಿತ್ತು. ಅಷ್ಟೂರಿನಲ್ಲೇ ಇರುವ ಚೌಖಂಡಿ, ಆ ಮನೆತನದ ಖಲೀಲುಲ್ಲಾ ಅವರ ಸಮಾಧಿ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಈ ಊರಿನ ಮರಗೆಲಸದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಈಗ ಪೇಟೆಗೆ ಬರೋ ಇಂಥ ಸಾಮಾನುಗಳಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದ ಹೆಸರೇ ದೊಡ್ಡದು. ಇಲ್ಲಿನ ಬಡಿಗೇರರ ಕೈಗೆ ಪ್ಲೈವುಡ್, ರೆಡಿಮೇಡ್ ಬಾಗಿಲಿನ ಕೆಲಸ ಜಾಸ್ತಿ. ಆದ್ರೆ ರೆಹಲ್‌ಗೆ ಬೇಕಾದ ಉಳಿ, ಕೊಡತಿ, ಗರಗಸ ಎಲ್ಲ ಅವರ ಹತ್ತಿರ ಇದ್ದೇ ಇದೆ. ಬೇಕಾಗಿರೋದು ಕ್ರಮ ಮಾತ್ರ.

ಗುಟ್ಟು ಗೆಣ್ಣಿನಲ್ಲಿದೆ

ಎರಡೂ ಕೈಯ ಬೆರಳುಗಳನ್ನು ಒಂದರ ಸಂದಿಯಲ್ಲಿ ಒಂದು ಹಾಕಿ ಹಿಡಿದು ನೋಡಿ. ರೆಹಲ್ ನಡುವೆ ಇರೋದೂ ಅದೇ. ದುಂಡಗಿನ ಗೆಣ್ಣುಗಳು, ಬೆಸ ಸಂಖ್ಯೆಯಲ್ಲಿ. ಐದು ಗೆಣ್ಣು ಅಂತ ಇಟ್ಟುಕೊಳ್ಳೋಣ.

1, 3, 5ನೇ ಗೆಣ್ಣು ಹಲಗೆಯ ಮೇಲಿನ ಮುಂಭಾಗವನ್ನು ಕೆಳಗಿನ ಹಿಂಭಾಗಕ್ಕೆ ಸೇರಿಸುತ್ತವೆ. 2, 4ನೇ ಗೆಣ್ಣು ಮೇಲಿನ ಹಿಂಭಾಗವನ್ನು ಕೆಳಗಿನ ಮುಂಭಾಗಕ್ಕೆ ಸೇರಿಸುತ್ತವೆ. ಹೀಗೆ ಒಂದು ಎಲೆ ಇನ್ನೊಂದು ಎಲೆಯ ಮಧ್ಯದಿಂದ ಹಾದು ಹೋಗುತ್ತೆ. ಸರಪಳಿಯ ಎರಡು ಕೊಂಡಿ ಇದ್ದ ಹಾಗೆ. ತಿರುಗುತ್ತವೆ, ಆದ್ರೆ ಮುರಿಯದೆ ಬೇರೆ ಆಗಲ್ಲ.

ಮಾಡೋ ಕ್ರಮ

ಕಲಿಯೋರಿಗೆ 18 ಇಂಚು ಉದ್ದ, 5 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಸಾಕು. ಗಂಟಿಲ್ಲದ, ಚೆನ್ನಾಗಿ ಒಣಗಿದ ಸಾಗುವಾನಿ ತುಂಡು ಸಿಕ್ಕರೆ ಒಳ್ಳೇದು. ಮರದ ಎಳೆ ಹಲಗೆಯ ಉದ್ದಕ್ಕೇ ಹರಿದಿರಬೇಕು. ಅಡ್ಡ ಎಳೆ ಇದ್ರೆ ಗೆಣ್ಣು ಮುರಿಯೋದು ಗ್ಯಾರಂಟಿ. ಹಸಿ ಮರ ಬೇಡ, ಒಣಗುವಾಗ ಸೊಟ್ಟಗಾಗಿ ಗೆಣ್ಣು ಬಿಗಿದುಕೊಳ್ಳುತ್ತೆ.

1. ಕೆಳತುದಿಯಿಂದ 7 ಇಂಚು ಬಿಟ್ಟು, ಹಲಗೆಯ ಎರಡೂ ಮೈ ಮೇಲೆ 1 ಇಂಚಿನ ಅಡ್ಡಪಟ್ಟಿ ಗುರುತು ಮಾಡಿ. ಪಟ್ಟಿಯ ಎತ್ತರ ಹಲಗೆಯ ದಪ್ಪದಷ್ಟೇ ಇರಬೇಕು. ಅದನ್ನು ಇಂಚಿಗೊಂದರಂತೆ ಐದು ಮನೆ ಮಾಡಿ.

2. ಮುಂದಿನ ಮೈಯಲ್ಲಿ 1, 3, 5ನೇ ಮನೆಯ ಕೆಳಬದಿಯನ್ನೂ 2, 4ನೇ ಮನೆಯ ಮೇಲ್ಬದಿಯನ್ನೂ ಉಳಿಯಿಂದ ಕೊರೀರಿ. ಆಳ ಹಲಗೆಯ ಅರ್ಧ ದಪ್ಪ. ಗೆಣ್ಣಿನ ಕಡೆ ದುಂಡಗೆ, ಹಲಗೆಯ ಕಡೆ ಇಳಿಜಾರು. ಈ ಇಳಿಜಾರು ಎಷ್ಟು ಕೊಡ್ತೀರೋ ರೆಹಲ್ ಅಷ್ಟು ಬಿಚ್ಚುತ್ತೆ.

3. ಹಿಂದಿನ ಮೈಯಲ್ಲಿ ಇದರ ಉಲ್ಟಾ. 1, 3, 5ರ ಮೇಲ್ಬದಿ, 2, 4ರ ಕೆಳಬದಿ.

4. ಗೆಣ್ಣು ಗೆಣ್ಣಿನ ನಡುವಿನ ನಾಲ್ಕು ಗೆರೆಗಳಲ್ಲಿ ಸಣ್ಣ ತೂತು ಕೊರೆದು, ತೆಳು ಗರಗಸದ ಬ್ಲೇಡ್ ತೂರಿಸಿ, ಪಟ್ಟಿಯ ಎತ್ತರದಷ್ಟು ಮಾತ್ರ ಆರಪಾರ ಕೊಯ್ಯಿರಿ.

5. ಕೊನೆಗೆ ಹಲಗೆಯ ದಪ್ಪವನ್ನು ಸರಿಯಾಗಿ ನಡುವೆ ಸೀಳಬೇಕು. ಮೇಲ್ತುದಿಯಿಂದ ಗೆಣ್ಣಿನ ತನಕ, ಕೆಳತುದಿಯಿಂದ ಗೆಣ್ಣಿನ ತನಕ. ಗೆಣ್ಣಿಗೆ ಗರಗಸ ತಾಗಬಾರದು.

ಈಗ ಬಿಚ್ಚೋದು. ಕೆಲಸ ಕೆಡೋದು ಬಹುತೇಕ ಇಲ್ಲೇ. ಒಳಗೆ ಎಲ್ಲೋ ಒಂದೆರಡು ಎಳೆ ಉಳಿದಿರುತ್ತೆ, ರೆಹಲ್ ಬಿಚ್ಚಲ್ಲ, ಸಿಟ್ಟಿಗೆ ಕೊಡತಿಯಿಂದ ಒಂದು ಏಟು ಹಾಕ್ತಾರೆ, ಗೆಣ್ಣು ಟಪ್ ಅನ್ನುತ್ತೆ. ಜೋರು ಮಾಡಬೇಡಿ. ಬೆಳಕಿಗೆ ಹಿಡಿದು ಎಲ್ಲಿ ಹಿಡಿದಿದೆ ನೋಡಿ, ಅಲ್ಲಿ ಬ್ಲೇಡ್ ಆಡಿಸಿ, ಮೆಲ್ಲಗೆ ಅಲುಗಾಡಿಸಿ. ನಕ್ಷಿ ಕೆಲಸ, ಪಾಲಿಶ್ ಎಲ್ಲ ಆಮೇಲೆ.

ಮೊದಲು ಸೋಪು, ಆಮೇಲೆ ಮರ

ಮೊದಲ ಸಲವೇ ರೆಹಲ್‌ಗೆ ಕೈ ಹಾಕಬೇಡಿ. ಬಟ್ಟೆ ಸೋಪಿನ ಬಾರ್ ಮೇಲೆ ಐದು ಗೆಣ್ಣು ಕೊರೆದು ನೋಡಿ, ಯಾವುದು ಯಾವುದಕ್ಕೆ ಸೇರುತ್ತೆ ಅನ್ನೋದು ತಲೆಗೆ ಹತ್ತುತ್ತೆ.

ಎರಡನೇದು, ಪಂಜರದೊಳಗಿನ ಗುಂಡು. ಒಂದಿಂಚಿನ ಚೌಕ ಕೋಲಿನಲ್ಲಿ ನಾಲ್ಕು ಮೂಲೆ ಕಂಬಗಳಾಗಿ ಉಳಿಯೋ ಹಾಗೆ ನಾಲ್ಕೂ ಕಡೆ ಕಿಟಕಿ ತೆಗೀತಾರೆ. ನಡುವೆ ಉಳಿದ ಮರವನ್ನೇ ದುಂಡಗೆ ಮಾಡ್ತಾರೆ. ಗುಂಡು ಕಿಟಕಿಗಿಂತ ಸ್ವಲ್ಪ ದಪ್ಪ ಇರಬೇಕು, ಇಲ್ಲಾಂದ್ರೆ ಹೊರಗೆ ಬೀಳುತ್ತೆ. ಮೂರನೇದು, ಒಂದೇ ಕೋಲಿನ ಸರಪಳಿ. ಎಲ್ಲದಕ್ಕೂ ನಿಯಮ ಒಂದೇ: ಆಕಾರ ಮೊದಲು, ಬಿಡುಗಡೆ ಕೊನೆಗೆ. ಮೊದಲೇ ಬಿಡಿಸಿದರೆ ತುಂಡು ಕೈಯಲ್ಲಿ ಅಲುಗಾಡುತ್ತೆ, ಕೊರೆಯೋಕೆ ಆಗಲ್ಲ.

ಚಾಕು ಹರಿತ ಇರಲಿ. ಮೊಂಡ ಚಾಕುವಿಗೆ ಜೋರು ಹಾಕಬೇಕಾಗುತ್ತೆ, ಜಾರಿದರೆ ಕೈಗೇ ಬರುತ್ತೆ. ಅಲಗಿನ ದಾರಿಯಲ್ಲಿ ಬೆರಳು ಇರಬಾರದು. ಮಕ್ಕಳು ಕಲಿಯೋದಾದ್ರೆ ಪಕ್ಕದಲ್ಲಿ ದೊಡ್ಡವರು ಕೂತಿರಬೇಕು.

ಕಸುಬುದಾರರಿಗೆ ಏನಿದೆ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ, ಗೊಂಬೆ-ಆಟಿಕೆ ತಯಾರಿಕೆಯೂ ಇದೆ. ತರಬೇತಿ ವೇಳೆ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ. ತನಕ ನೆರವು, ಮೊದಲ ಕಂತಿನಲ್ಲಿ 1 ಲಕ್ಷ ರೂ. ತನಕ ಶೇ 5ರ ಬಡ್ಡಿಗೆ ಸಾಲ ಅಂತ ಯೋಜನೆ ಹೇಳುತ್ತೆ. 18 ವರ್ಷ ದಾಟಿರಬೇಕು, ಸ್ವಂತ ಕಸುಬು ಇರಬೇಕು, ಒಂದು ಕುಟುಂಬಕ್ಕೆ ಒಬ್ಬರು. ನೋಂದಣಿ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ.

ಚನ್ನಪಟ್ಟಣದ ಬೊಂಬೆ, ಕಿನ್ನಾಳದ ಗೊಂಬೆಗೆ ಊರಿನ ಹೆಸರೇ ಗುರುತು. ಬೀದರಿಗೆ ಬಿದ್ರಿ ಇದೆ. ಹೋಳಿ ಆಸುಪಾಸಿನ ಅಷ್ಟೂರ ಜಾತ್ರೆಗೆ ಎರಡೂ ಸಮುದಾಯದ ಜನ ಬರ್ತಾರೆ. ಎರಡೂ ಕಡೆಯ ಮನೆಗೆ ಬೇಕಾದ ಸಾಮಾನು ಇದೇ ಜಿಲ್ಲೆಯ ಕೈಯಿಂದ ಬಂದರೆ ಕೊಳ್ಳೋರಿಗೇನೂ ಬರ ಇರಲ್ಲ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ರೆಹಲ್ ಮಡಚಿ ಅದರ ತುದಿ ನೋಡಿ. ಒಂದು ಎಲೆಯ ಮರದ ಗೆರೆ ಇನ್ನೊಂದು ಎಲೆಯಲ್ಲಿ ಹಾಗೇ ಮುಂದುವರಿದಿದ್ದರೆ ಅದು ಒಂದೇ ಹಲಗೆಯದ್ದು. ಗೆರೆ ಕೂಡದಿದ್ದರೆ ಎರಡು ಹಲಗೆಯ ಜೋಡಣೆ, ರೇಟು ಕಮ್ಮಿ ಮಾಡಿಸಿ.